ನೂರಹನ್ನೆರಡನೇ ಪುಟದಲ್ಲಿ ವ್ರತ

ಶನಿವಾರ, ೨೨-೭-೧೯೬೧. ಮಧ್ಯಾಹ್ನ ೨

ಹನ್ನೆರಡು ಪುಸ್ತಕ ಹೋಯಿತು. ಶನಿವಾರ ಕೊಟ್ಟದ್ದು ಸೋಮವಾರ ವಾಪಸ್ — ನಮ್ಮ ಮೂಡಬಿದ್ರೆ ವಾಚನಾಲಯದ ರೂಲ್. ಯಾರೂ ಪುಸ್ತಕದ ಹೆಸರು ಹೇಳುವುದಿಲ್ಲ. ಪೋಸ್ಟ್‌ಮಾಸ್ಟರರಿಗೆ ‘ಅಳಿಸುವಂಥದ್ದು ಬೇಡ’. ಜವುಳಿ ಅಂಗಡಿಯ ಅಬ್ದುಲ್ ಶುಕೂರರಿಗೆ ಪ್ರವಾಸ, ಅದೂ ಹಡಗಿನದ್ದು. ಹೈಸ್ಕೂಲ್ ಮೇಷ್ಟ್ರಿಗೆ ಇತಿಹಾಸ — ತಪ್ಪು ಹುಡುಕಲಿಕ್ಕೆ. ಆರಿಸಿ ಕೊಡುವವ ನಾನು. ಹೊಗಳಿಕೆ ಮಾತ್ರ ಬರೆದವನಿಗೆ.

ವೇಣೂರಿನ ರಾಜಮತಿ ಅಕ್ಕನಿಗೆ ಹಳದಿ ರಟ್ಟಿನ ಹೊಸ ಪತ್ತೇದಾರಿ. ಬಸ್ ಕಂಡಕ್ಟರ್ ಉಮ್ಮರ್ ಕೈಯಲ್ಲಿ ಕಳಿಸಿದೆ, ಎಂದಿನಂತೆ. ಅರುವತ್ತೆಂಟು ವರ್ಷ, ಐದನೇ ಕ್ಲಾಸಿನ ವಿದ್ಯೆ. ಆದರೂ ನನ್ನ ಪ್ರಕಾರ ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಅವರಷ್ಟು ಚೆನ್ನಾಗಿ ಓದುವವರು ಇನ್ನೊಬ್ಬರಿಲ್ಲ. ನಾನೂ ಸೇರಿ.

ಗುರುವಾರ, ೨೭-೭-೬೧

ಸೋಮವಾರ ಬರಬೇಕಾದ ಹಳದಿ ಪುಸ್ತಕ ಇವತ್ತು ಬಂತು. ರೇಗಬೇಕೆಂದಿದ್ದೆ. ಉಮ್ಮರ್ ಹೇಳಿದ್ದು ಕೇಳಿ ನಗು ಬಂತು.

ನಿನ್ನೆ ವೇಣೂರು ಬಸದಿಯಲ್ಲಿ ಚಾತುರ್ಮಾಸದ ವ್ರತ ಹಿಡಿಯುವ ದಿನ. ದೀಪಾವಳಿಯ ನಿರ್ವಾಣಪೂಜೆಯವರೆಗೆ ಪ್ರತಿಯೊಬ್ಬರೂ ಒಂದೊಂದು ವಸ್ತು ಬಿಡುವುದು ನಮ್ಮ ಜೈನರ ಪದ್ಧತಿ. ಒಬ್ಬರು ಬೆಲ್ಲ ಬಿಟ್ಟರು, ಒಬ್ಬರು ತುಪ್ಪ. ಚಂದ್ರರಾಜ ಬಲ್ಲಾಳರು ಹಾಗಲಕಾಯಿ ಬಿಟ್ಟರಂತೆ. ಆ ಮನುಷ್ಯ ಹುಟ್ಟಿದಂದಿನಿಂದ ಹಾಗಲಕಾಯಿ ಮುಟ್ಟಿದವರಲ್ಲ! ಅಕ್ಕನಿಗೆ ಸಿಟ್ಟು ನೆತ್ತಿಗೇರಿತು.

“ಪ್ರೀತಿಯದ್ದನ್ನು ಬಿಡ್ಬೇಕು ಬಲ್ಲಾಳ್ರೇ, ಕಹಿಯನ್ನಲ್ಲ. ನೋಡಿ, ನಾನು ಪತ್ತೇದಾರಿ ಬಿಟ್ಟೆ!”

ಬಾಯಿಂದ ಬಿದ್ದ ಮೇಲೆ ನೆನಪಾಯಿತು — ಮನೆಯಲ್ಲಿ ಪುಸ್ತಕ ನೂರಹನ್ನೆರಡನೇ ಪುಟದಲ್ಲಿ ನಿಂತಿದೆ. ಕೊಲೆ ಆಗಿದೆ. ಕೊಂದವ ಸಿಕ್ಕಿಲ್ಲ. ದೇವರೆದುರು ಆಡಿದ್ದು ಆಡಿ ಆಯಿತು.

ಉಮ್ಮರ್‌ಗೆ ಕತೆಯ ಕೊನೆ ಗೊತ್ತು. ಕೊಡುವ ಪುಸ್ತಕವನ್ನೆಲ್ಲ ಮೊದಲು ಬಸ್ಸಿನಲ್ಲೇ ಓದಿ ಮುಗಿಸುವವ ಅವನು. “ಪುಸ್ತಕ ವಾಪಸ್ ಕೊಡುವಾಗ ಅಕ್ಕ ನನ್ನ ಮುಖವನ್ನೇ ನೋಡಿದ್ರು ಮಾರಾಯ್ರೆ. ನಾನು ಗಡಿಬಿಡಿಯಲ್ಲಿ ರೈಟ್ ರೈಟ್ ಹೇಳಿದೆ. ಡ್ರೈವರ್ ಬಸ್ ಬಿಟ್ಟೇ ಬಿಟ್ಟ, ನಾನು ಹಿಂದೆ ಓಡ್ಬೇಕಾಯ್ತು.”

ಸೋಮವಾರ, ೭-೮-೬೧

ಅಕ್ಕನಿಗೆ ಪ್ರವಾಸದ ಪುಸ್ತಕ ಕಳಿಸಿದ್ದೆ. ವಾಪಸ್ ಬಂತು, ಒಳಗೆ ಚೀಟಿ: ‘ಈತ ಎಲ್ಲಿ ಹೋದರೂ ಕಂಡದ್ದು ತನ್ನನ್ನೇ.’ ನಾನು ಎರಡು ಸಲ ಓದಿದ್ದೇನೆ. ನನಗೆ ಯಾಕೆ ಹೊಳೆಯಲಿಲ್ಲ?

ಸೋಮವಾರ, ೨೮-೮-೬೧

ಪ್ರೇಮದ ಕಾದಂಬರಿಗೆ: ‘ಇಬ್ಬರೂ ಒಮ್ಮೆ ಕೂತು ಮಾತಾಡಿದ್ದರೆ ಹತ್ತು ಪುಟಕ್ಕೆ ಮುಗಿಯುತ್ತಿತ್ತು.’ ಇತಿಹಾಸಕ್ಕೆ: ‘ಯುದ್ಧ ಹದಿನಾಲ್ಕು. ಅಷ್ಟು ಜನಕ್ಕೆ ಅಡುಗೆ ಮಾಡಿದವರು ಯಾರು?’

ಅಬ್ಬ, ಹೆಂಗಸೇ! ಚೀಟಿಗಳನ್ನು ಎತ್ತಿಟ್ಟಿದ್ದೇನೆ.

ಮಂಗಳವಾರ, ೧೨-೯-೬೧

ನಕ್ಷತ್ರಗಳ ಪುಸ್ತಕ ವಾಪಸ್ ಬರಲಿಲ್ಲ. ಚೀಟಿ ಮಾತ್ರ: ‘ಇದು ಇನ್ನೊಂದು ವಾರ ಇರಲಿ. ನಿನ್ನ ರೂಲ್ ನನಗೆ ಗೊತ್ತು.’ ಇರಲಿ ಎಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಸೋಮವಾರ, ೧೬-೧೦-೬೧

ಬರೆಯದೆ ತಿಂಗಳಾಯಿತು. ಕಳಿಸಿದ ಮೂರು ಪುಸ್ತಕ ಮೂರೂ ಹಾಗೇ ವಾಪಸ್. ಚೀಟಿ ಇಲ್ಲ. ಅಕ್ಕ ಹಾಸಿಗೆ ಹಿಡಿದಿದ್ದಾರೆ — ಜ್ವರ, ಎದೆಯಲ್ಲಿ ಕಫ. ಬೆಳ್ತಂಗಡಿ ಡಾಕ್ಟರು ಅಕ್ಕನ ಮಗಳು ಯಶೋಧಾಳನ್ನು ಹೊರಗೆ ಕರೆದು, ದೀಪಾವಳಿ ಕಾಣುವುದು ಕಷ್ಟ ಎಂದರಂತೆ.

ಕೊಂದವ ಯಾರೆಂದು ತಿಳಿಯದೆಯೇ ಹೋಗುವುದೇ? ಅನ್ಯಾಯ. ನಾಳೆ ಹೋಗಿ ಹೇಳಿಬಿಡುತ್ತೇನೆ. ಪಾಪ ಬಂದರೆ ನನಗೆ ಬರಲಿ.

ಮಂಗಳವಾರ, ೧೭-೧೦-೬೧. ಸಂಜೆ

ಹೋಗಿ ಬಂದೆ. ಎಷ್ಟು ಸಣ್ಣ ಆಗಿದ್ದಾರೆ... ಹತ್ತಿರ ಕೂತೆ.

“ಅಕ್ಕಾ, ಆ ಕೊಂದವ—”

“ಬಾಯಿ ಮುಚ್ಚು ಪುಷ್ಪರಾಜ.”

“ನೀವು ಓದುದಲ್ವಾ ಬಿಟ್ಟದ್ದು? ಕೇಳಿದ್ರೆ ಎಂತ ದೋಷ?”

“ಬೆಲ್ಲ ಬಿಟ್ಟವ ಪಾಯಸ ಕುಡಿದ ಹಾಗೆ ಆಯ್ತು.” ಕೆಮ್ಮು. ಉಸಿರು ಹಿಡಿದುಕೊಂಡು ಮತ್ತೆ ಅವರೇ: “ಅಡುಗೆಯವನದ್ದೇ ಕೆಲಸ. ವಿಷ ಇದ್ದದ್ದು ರಾತ್ರಿಯ ಊಟದಲ್ಲಿ. ನಮ್ಮವರ ಹಾಗೆ ಸೂರ್ಯ ಮುಳುಗುವ ಮೊದ್ಲು ಉಂಡಿದ್ರೆ ಯಜಮಾನ ಬದುಕ್ತಿದ್ದ. ನೀನು ಹೌದು-ಅಲ್ಲ ಹೇಳ್ಬೇಡ. ಆಚೆ ತಿರುಗು!”

ತಿರುಗಿದೆ. ನಲವತ್ತು ವರ್ಷದ ಗಂಡಸು, ಗೋಡೆ ನೋಡುತ್ತ ಕೂತೆ.

“ಡಾಕ್ಟ್ರು ಎಂತ ಹೇಳಿದ್ದಾರೆ ಗೊತ್ತುಂಟು. ಯಶೋಧಾಳ ಕಣ್ಣು ನೋಡಿದ್ರೆ ಸಾಕು.”

“ಹೆದರಿಕೆ ಆಗುದಿಲ್ವಾ ಅಕ್ಕ?”

“ಆಗ್ತದೆ. ಆಗದೆ ಎಂತ? ಆದ್ರೆ ಕತೆ ಅರ್ಧದಲ್ಲಿ ಉಂಟಲ್ಲ. ನಿರ್ವಾಣದ ದಿನ ಬೆಳಿಗ್ಗೆ ಆ ಪುಸ್ತಕ ಇಲ್ಲಿರ್ಬೇಕು. ನಾನಿರ್ತೇನೆ.”

ಅಲ್ಲೇ ಉಳಿದಿದ್ದ ನಕ್ಷತ್ರದ ಪುಸ್ತಕ ಓದಿ ಹೇಳಿದೆ, ಬಿಸಿಲು ಇಳಿಯುವವರೆಗೆ. ಬಸ್ಸಿನಲ್ಲಿ ಅತ್ತೆ. ಉಮ್ಮರ್ ಪಕ್ಕದಲ್ಲಿ ಕೂತ. “ನಾನು ದಿನಾ ದುವಾ ಮಾಡ್ತೇನೆ,” ಎಂದ. “ಅಕ್ಕನೇ ಆ ಕೊಲೆಗಾರನನ್ನು ಹಿಡೀಲಿ ಅಂತ.”

ಶನಿವಾರ, ೪-೧೧-೬೧

ಹೈಸ್ಕೂಲ್ ಮೇಷ್ಟ್ರು ಹಳದಿ ಪತ್ತೇದಾರಿ ಕೇಳಿದರು. ಬೈಂಡಿಂಗ್‌ಗೆ ಹೋಗಿದೆ ಎಂದೆ. ನನ್ನ ಡ್ರಾಯರ್‌ನಲ್ಲಿದೆ. ಇನ್ನು ನಾಲ್ಕು ದಿನ. ವೇಣೂರಿನಿಂದ ಬಸ್ ಬಂದಾಗೆಲ್ಲ ಹೊರಗೆ ಹೋಗುತ್ತೇನೆ. ಉಮ್ಮರ್ ಕೈ ಆಡಿಸುತ್ತಾನೆ — ಇದ್ದಾರೆ.

ಬುಧವಾರ, ೮-೧೧-೬೧. ಬೆಳಿಗ್ಗೆ ೧೧. ವೇಣೂರು ಬಸ್‌ಸ್ಟಾಂಡಿನಲ್ಲಿ

ಬಸ್ ಇನ್ನೂ ಬಂದಿಲ್ಲ. ಇಲ್ಲೇ ಕೂತು ಬರೆಯುತ್ತೇನೆ.

ಮೊದಲ ಬಸ್ಸಿಗೆ ಬಂದೆ. ಇದ್ದಾರೆ! ದಿಂಬಿಗೆ ಒರಗಿ ಕೂತಿದ್ದರು. ಮುಂಜಾನೆಯ ಪೂಜೆ ಮುಗಿದು ಬಸದಿಯಿಂದ ಪ್ರಸಾದ ಬಂದಿತ್ತು. ಅದನ್ನು ಕಣ್ಣಿಗೊತ್ತಿ ಕೈ ಚಾಚಿದರು. ಪುಸ್ತಕ ಕೊಟ್ಟೆ. ಪುಟ ಹುಡುಕಬೇಕಾಗಲಿಲ್ಲ ಅವರಿಗೆ.

ಒಂದೂವರೆ ಗಂಟೆ ಓದಿದರು. ಕೊನೆಯ ಪುಟ ತಿರುಗಿತು. ಅಕ್ಕ ಕಣ್ಣು ಮುಚ್ಚಿದರು. ನಾನು ದಡಕ್ಕನೆ ಎದ್ದೆ.

“ಥೂ ಇವನ! ಯಜಮಾನನ ಅಕ್ಕನ ಮಗನಾ ಕೊಂದದ್ದು?”

ಪುಸ್ತಕ ನೆಲಕ್ಕೆ ಬಿತ್ತು. ಬಿದ್ದದ್ದಲ್ಲ, ಎಸೆದದ್ದು.

“ಸೋದರಳಿಯನಿಗೆ ಮಾವನ ಆಸ್ತಿ ಹೇಗೂ ಬರ್ತದೆ, ಮತ್ತೆ ಕೊಲ್ಲಲಿಕ್ಕೆ ಎಂತ ಅವಸರ? ಘಟ್ಟದ ಮೇಲಿನವ ಬರೆದದ್ದು, ನಮ್ಮ ಅಳಿಯಕಟ್ಟು ಗೊತ್ತಿಲ್ಲ ಅವನಿಗೆ! ನಾಲ್ಕು ತಿಂಗಳು... ಇದಕ್ಕಾ ನಾನು ಸಾಯದೆ ಕೂತದ್ದು?”

ಯಶೋಧಾ ಅಳುತ್ತ ನಗುತ್ತಿದ್ದಳು. ನಾನೂ.

“ಅಳುದೆಂತ? ಗಂಜಿ ತಾ, ಹಸಿವಾಗ್ತದೆ. ಪುಷ್ಪರಾಜ, ಶನಿವಾರ ಸರಿಯಾದ್ದೊಂದು ಕಳಿಸು. ಇಂಥದ್ದು ಇನ್ನೊಂದು ಬಂದ್ರೆ ನಾನೇ ಮೂಡಬಿದ್ರೆಗೆ ಬರ್ತೇನೆ, ಹೇಳಿದ್ದೇನೆ.”

ಬರಲಿ! ಬಂದು ಇಡೀ ಕಪಾಟು ಬೈಯಲಿ. ಓ, ಬಸ್ ಬಂತು. ಅದು ನಿಲ್ಲುವ ಮೊದಲೇ ಉಮ್ಮರ್ ಹಾರಿ ಇಳಿದು ಇತ್ತಲೇ ಓಡಿ ಬರುತ್ತಿದ್ದಾನೆ, ಅವನಿಗೆ ಮೊದಲು—