ಕುರಿಮರಿಗೆ ಇಟ್ಟ ಹೆಸರು

ಚಳ್ಳಕೆರೆ
12-9-2025, ಶುಕ್ರವಾರ

ಶಿಲ್ಪಾ,

ಮೇಲೆ 'ಗೆಳತಿ' ಅಂತ ಬರೆದು ಹೊಡೆದು ಹಾಕಿದ್ದೀನಿ. ಹಾಳೆ ಬದಲಿಸಿಲ್ಲ, ನಿನಗೆ ಕಾಣಲಿ ಅಂತ. ಫೋನ್ ಮಾಡಲ್ಲ. ನಮ್ಮ ಮನೆಯ ದನಿ ನಿನ್ನ ಫೋನಿಗೆ ಇನ್ನೊಂದು ಸಲ ಸಿಗಬಾರದು.

ನನ್ನ ತವರು ದೇವಸಮುದ್ರಕ್ಕೆ ನೀನು ಬಾಣಂತನದಲ್ಲಿ ನನ್ನನ್ನು ನೋಡಲು ಬಂದೆ. ಸಿನಿಮಾ ಕಂಪನಿಯಲ್ಲಿ ಕಥೆ ಬರೀತಿದೀನಿ ಅಂದೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು ಅಂತ ನಾನು ಹೆಮ್ಮೆಯಿಂದ ಒಳಕೋಣೆಗೇ ಕರೆದೆ. ಬೊಮ್ಮಕ್ಕಜ್ಜಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕಳೆದುಹೋದ ಕುರಿಮರಿಯ ಕಥೆ ಹೇಳ್ತಿದ್ದಳು. ನಡುವೆ ನಿಲ್ಲಿಸಿ, "ಆ ಫೋನ್ ಯಾಕವ್ವಾ ಹಂಗ್ ಹಿಡ್ಕಂಡಿದೀಯ?" ಅಂದಳು. "ಬಸ್ಸಿಗೆ ಟೈಮ್ ನೋಡ್ತಿದೀನಿ ಅಜ್ಜಿ" ಅಂದೆ ನೀನು. ಅಜ್ಜಿ ನಂಬಿದಳು. ನಾನೂ ನಂಬಿದೆ. ಅಜ್ಜಿಯ ಕಥೆಯೆಲ್ಲಾ ಅದರಲ್ಲಿ ರೆಕಾರ್ಡ್ ಆಗ್ತಿತ್ತು.

ನಮ್ಮ ಮನೆಯಲ್ಲಿ ಕಾಲ ಮೇಲಿರುವ ಕೂಸಿನ ಹೆಸರೇ ಕಥೆಯ ಕುರಿಮರಿಗೂ. ಕುರುಬ ಆ ಹೆಸರು ಹಿಡಿದು ಕರೀತಾನೆ, ಮರಿ ಹಟ್ಟಿಗೆ ಬರುತ್ತೆ. ಜವುಳ ಆಗುವವರೆಗೂ ಆ ಹೆಸರು ಹೊಸಿಲು ದಾಟಬಾರದು. ಅಲ್ಲೀವರೆಗೂ ಎಲ್ಲರಿಗೂ ಅವಳು ಬರೀ 'ಕೂಸು'. ತಲೆಕೂದಲು ತೆಗೆಸಿದ ಮೇಲೆ ಸೋದರಮಾವ ಗೋವರ್ಧನ ಅವಳನ್ನು ಎತ್ತಿ, ನಾಲ್ಕು ಜನಕ್ಕೆ ಕೇಳುವ ಹಂಗೆ ಮೊದಲ ಸಲ ಕೂಗಬೇಕಿತ್ತು.

ಈಗ ಯಾರು ಕೂಗ್ತಿದ್ದಾರೆ ಗೊತ್ತಾ? ಅಜ್ಜಿಯ ಕುರಿಮರಿಯನ್ನು ಆ ಹೆಸರಿನ ಸಮೇತ ತೋರಿಸಿದ ನಿನ್ನ ಸಿನಿಮಾದ ಟೀಸರ್ ಬಂದ ದಿನದಿಂದ ಚಳ್ಳಕೆರೆಯ ಅಭಿಮಾನಿ ಸಂಘದ ಹುಡುಗರು ಆ ಹೆಸರಿನ ಟೀ ಶರ್ಟ್ ಹಾಕಿಕೊಂಡು ತಿರುಗ್ತಿದ್ದಾರೆ. ಆಟೋ ಹಿಂದೆ ಅದೇ ಹೆಸರು. ರೀಲ್ಸಿನಲ್ಲಿ ಹೆಸರು ಕರೆದು 'ಮೇ' ಅಂತ ಅರಚ್ತಾರೆ. ನಿದ್ದೆ ಹತ್ತಿದ ಕೂಸು ಬೆಚ್ಚಿ ಏಳುತ್ತೆ. ನಾನು ಕಣ್ಣು ಮುಚ್ಚಿ ಎಷ್ಟು ದಿನವಾಯಿತೋ. ಪಕ್ಕದ ಮನೆ ಸುಲೋಚನಮ್ಮ ನಿನ್ನೆ, "ನಿಮ್ ಕೂಸಿಗೂ ಅದೇ ಹೆಸರಿಡ್ರಿ, ಸಿನಿಮಾ ಹೆಸರು, ಸ್ಟೈಲಾಗೈತೆ" ಅಂದರು. ನಾಳೆ ನಾವೇ ನಿನ್ನಿಂದ ಕದ್ದೆವು ಅಂತಾರೆ!

ಅದು ಬರೀ ಕಥೆಯ ಮರಿಯ ಹೆಸರು ಅಂತ ನೀನು ತಪ್ಪು ತಿಳಿದಿರಬಹುದು, ಒಪ್ಪಿದೆ. ಆದರೆ ಟೀಸರ್ ನೋಡಿದ ದಿನವೇ ಫೋನ್ ಮಾಡಿ ಎಲ್ಲಾ ಹೇಳಿದೆನಲ್ಲ, ಅಳ್ತಾ ಹೇಳಿದೆನಲ್ಲ. ಆಗ ನೀನು ಏನಂದೆ? ಬೇರೆ ಬೇರೆ ಹೆಸರು ಜನರ ಮುಂದಿಟ್ಟು ನೋಡಿದ್ದೀವಿ ಪ್ರೇಮಾ, ಈ ಹೆಸರು ಕೇಳಿದವರೇ ಜಾಸ್ತಿ ಹೊತ್ತು ನೋಡ್ತಾರೆ, ಡೇಟಾನೇ ಹೇಳುತ್ತೆ ಅಂದೆ. ನೋಡದೆ ಏನು ಮಾಡ್ತಾರೆ? ಮುದುಕಿಯೊಬ್ಬಳು ಮರಿಮೊಮ್ಮಗಳಿಗೆ ಅಂತ ತಿಂಗಳುಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡು ಕಾಯ್ದ ಹೆಸರು ಕಣೇ ಅದು. ನಿನ್ನ ಡೇಟಾಗೆ ಇದು ಗೊತ್ತಿಲ್ಲ, ನಿನಗೆ ಗೊತ್ತಿತ್ತು.

'ಕಥೆ: ಶಿಲ್ಪ' ಅಂತ ಹಾಕಿಕೊಂಡಿದ್ದೀಯಲ್ಲ, ಹಾಕಿಕೋ. ಕಥೆ ಕೇಳಿದವರೆಲ್ಲರದ್ದು ಅಂತ ಅಜ್ಜಿಯೇ ಅಂತಾಳೆ. ಹೆಸರು ಮಾತ್ರ ಬಿಟ್ಟುಬಿಡು. ಸಿನಿಮಾ ಇನ್ನೂ ಥಿಯೇಟರಿಗೆ ಬಂದಿಲ್ಲ, ಡಬ್ಬಿಂಗ್ ನಡೀತೈತೆ ಅಂತ ನೀನೇ ಅಂದೆ. ಆ ಒಂದು ಪದ ತೆಗೆದು ಬೇರೆ ಏನಾದರೂ ಹಾಕಿಸು. ನಿನ್ನ ಹೆಸರೇ ಹಾಕು ಬೇಕಾದರೆ, ಬೀದೀಲಿ ನಿನ್ನನ್ನು ಕರೆದು 'ಮೇ' ಅನ್ನಲಿ.

ಅಜ್ಜಿಗೆ ಬೈಯಲು ಬರಲ್ಲ. "ಊರೋರೆಲ್ಲಾ ಕರೆದ್ರೆ ನಮ್ ಕೂಸು ಯಾರ್ ಕಡೆ ತಿರುಗ್ಬೇಕವ್ವಾ?" ಅಂತ ಒಂದೇ ಮಾತು ಕೇಳಿದಳು. ನೀನು ಕಥೆಗಾರ್ತಿ, ಉತ್ತರ ಬರೆದು ಕಳಿಸು.

ಈ ಕಾಗದದಲ್ಲೂ ಆ ಹೆಸರನ್ನು ನಾನು ಬರೆದಿಲ್ಲ, ಗಮನಿಸು.

ಇಂತಿ,
ಕೂಸಿನ ತಾಯಿ
ಪ್ರೇಮಲತಾ

ಮತ್ತೆ: ನೀನು ಬದಲಿಸಿದರೂ ಆ ಹೆಸರು ಇನ್ನು ನಮ್ಮ ಮನೆಗೆ ವಾಪಸ್ ಬರಲ್ಲ. ಮೊನ್ನೆ ಅಜ್ಜಿ ದೇವಸಮುದ್ರದಿಂದ ಬಂದು ಕೂಸಿನ ಕಿವಿಯಲ್ಲಿ ಬೇರೆ ಹೆಸರು ಹೇಳಿದಳು. ಅದೇನು ಅಂತ ನನಗೆ ಗೊತ್ತಿಲ್ಲ. ಹೇಳುವ ಮುಂಚೆ, "ನಿನ್ ಫೋನ್ ತಗಂಡು ಸ್ವಲ್ಪ ಆಚೆ ಹೋಗ್ತೀಯಾ ತಾಯೀ" ಅಂದು, ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.