ಒಲೆಗೂ ರಜೆ

ನನ್ನ ಅತ್ತೆಗೆ,

ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ "ಅತ್ತೇ" ಅಂತ ಕರೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಕರೆದ ಮೇಲೆ ನೀವಿಲ್ಲ ಅಂತ ನೆನಪಾಗುತ್ತದೆ. ಆಮೇಲೆ ಆ ಕರೆದದ್ದನ್ನು ಎಲ್ಲಿ ಇಡಬೇಕು ಅಂತ ತಿಳಿಯುವುದಿಲ್ಲ. ಅದಕ್ಕೇ ಈ ಕಾಗದ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ತಪ್ಪು ಬರೆದರೂ ನೀವು ನಗುವುದಿಲ್ಲ ಎಂಬ ಧೈರ್ಯ. ನಿಮಗೆ ಓದಲೇ ಬರುತ್ತಿರಲಿಲ್ಲವಲ್ಲ. ಹಾಗಾದರೆ ಇದನ್ನು ಹೇಗೆ ಓದುತ್ತೀರಿ? ನೋಡಿ, ಅದೊಂದು ಹೊಸ ಚಿಂತೆ ಶುರುವಾಯಿತು.

ಮದುವೆಯಾಗಿ ತಲ್ಲೂರಿಗೆ ಬಂದ ಮೇಲಿನ ಮೊದಲ ಮೇ ಒಂದು ನೆನಪಿದೆಯಾ? ನೀವು ದುಡಿಯುತ್ತಿದ್ದ ಗೇರುಬೀಜದ ಫ್ಯಾಕ್ಟರಿಗೇ ನನ್ನನ್ನೂ ಸೇರಿಸಿದ್ದಿರಿ. ಫ್ಯಾಕ್ಟರಿಗೆ ರಜೆ, ಕಂಬಳಿ ಒಗೆಯಬೇಕು, ಅಟ್ಟ ಗುಡಿಸಬೇಕು ಅಂತ ನಾನು ಬೆಳಗಾಗುವ ಮೊದಲೇ ಎದ್ದೆ. ನೋಡಿದರೆ ನೀವು ಒಲೆಗೆ ಅಡ್ಡ ನಿಂತಿದ್ದಿರಿ.

"ಫ್ಯಾಕ್ಟ್ರಿಗ್ ರಜಿ ಅವ್ರ್ ಕೊಟ್ರ್. ಒಲಿಗ್ ರಜಿ ಯಾರ್ ಕೊಡ್ತ್ರ್ ಹೆಣೆ? ನಾವೇ ತಕಣ್ಕ್."

ನಾವೇ ತೆಗೆದುಕೊಳ್ಳಬೇಕಾದ ರಜೆ ಅಂತ ಜಗಲಿಯಲ್ಲಿ ಎರಡು ಮಣೆ ಹಾಕಿ ಕೂರಿಸಿದಿರಿ. ಬೀಜದ ಸಿಪ್ಪೆಯ ಎಣ್ಣೆಗೆ ಕಪ್ಪಾಗಿ ಸುಲಿದಿದ್ದ ನನ್ನ ಬೆರಳುಗಳಿಗೆ ತೆಂಗಿನೆಣ್ಣೆ ಹಚ್ಚಿದಿರಿ. ಒಳಗೆ ನಿಮ್ಮ ಮಗ, ಗಂಜಿಗೆ ನೀರು ಎಷ್ಟು ಅಂತ ಕೂಗಿ ಕೇಳುತ್ತಿದ್ದರು. ನನಗೋ, ಅನ್ನ ತಳ ಹಿಡಿದರೆ, ದಾರಿಯಲ್ಲಿ ಹೋಗುವವರು ಕಂಡರೆ, ಹೊಸ ಸೊಸೆ ಹೀಗೆ ಕೂತಿದ್ದಾಳೆ ಅಂತ ತವರಿನವರೆಗೂ ಸುದ್ದಿ ಹೋದರೆ...

ಆವತ್ತೇ ಹೇಳಿದ್ದಿರಿ, ಈ ರಜೆ ಯಾಕೆ ಅಂತ. ಹಿಂದೊಮ್ಮೆ ಯೂನಿಯನ್ನಿನವರು ಗೇಟಿನ ಹತ್ತಿರ ಹೇಳಿದ್ದಂತೆ. ದೂರದ ಯಾವುದೋ ದೇಶದಲ್ಲಿ ಕೆಲಸದವರು, ಇನ್ನು ಎಂಟು ಗಂಟೆಗಿಂತ ಹೆಚ್ಚು ದುಡಿಯುವುದಿಲ್ಲ ಅಂತ ಎದ್ದು ನಿಂತರಂತೆ, ಕೆಲವರ ಜೀವವೇ ಹೋಯಿತಂತೆ. "ಎಂಟ್ ಗಂಟಿ ಕೆಲ್ಸಕ್ಕೆ, ಎಂಟ್ ಗಂಟಿ ನಿದ್ರಿಗೆ, ಉಳ್ದದ್ದ್ ನಮ್ದಂಬ್ರ್. ಆ ಉಳ್ದದ್ದ್ ಎಲ್ಲ್ ಹೋಯ್ತ್? ನೀ ಕಂಡಿದ್ಯಾ?" ಅಂತ ನನ್ನನ್ನೇ ಕೇಳಿದಿರಿ. ನಾನು ಎಲ್ಲಿ ಕಾಣಲಿ ಅತ್ತೆ?

ಆಚೆಮನೆ ಸುಶೀಲ ನೆನಪಿದ್ದಾಳಲ್ಲ, ನಮ್ಮ ಜೊತೆ ಬೀಜ ಒಡೆಯುವವಳು. ಪ್ರತಿ ವರ್ಷ ನಾವು ಹಾಗೆ ಕೂತಾಗ ಬಟ್ಟೆ ಒಣಹಾಕುತ್ತಾ ಬೇಲಿಯಾಚೆಯಿಂದ ಒಂದು ಮಾತು ಎಸೆಯುತ್ತಿದ್ದಳು. "ಹ್ವಾಯ್, ರಾಣಿಯರ್ ದರ್ಬಾರ್ ಸುರುವಾಯ್ತಾ?" ನೀವು ಎಲೆಯಡಿಕೆ ಜಗಿಯುತ್ತಲೇ, "ಬಾ, ನಿಂಗೂ ಒಂದ್ ಮಣಿ ಹಾಕ್ತೆ" ಅನ್ನುತ್ತಿದ್ದಿರಿ. ಅವಳು ಒಮ್ಮೆಯೂ ಬರಲಿಲ್ಲ.

ಈ ವರ್ಷ ನೀವಿಲ್ಲದ ಮೊದಲ ಮೇ ಒಂದು. ಹಿಂದಿನ ದಿನ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ರಜೆಯದೇ ಮಾತು. ಒಬ್ಬಳಿಗೆ ಕೋಟದಲ್ಲಿ ಮದುವೆ, ಇನ್ನೊಬ್ಬಳಿಗೆ ಸೌದೆ ಒಟ್ಟುವುದು. ರಜೆ ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ತಪ್ಪು ಅನ್ನಲಾರೆ, ಬಿಡುವು ಸಿಕ್ಕುವುದೇ ಅಪರೂಪ. ಆದರೆ ನನ್ನ ಚಿಂತೆಯೇ ಬೇರೆ. ನೀವು ಪಕ್ಕದಲ್ಲಿಲ್ಲದೆ ನನಗೆ ಹಾಗೆ ಕೂರಲಿಕ್ಕೆ ಆಗುತ್ತದಾ? ಇಷ್ಟು ವರ್ಷ ನಾನು ಕೂತದ್ದು ಅರ್ಥವಾಗಿಯಾ, ನೀವು ಕೂರಿಸಿದ್ದಕ್ಕಾ?

ಬೆಳಿಗ್ಗೆ ನಿಮ್ಮ ಮಗ ಮೊಬೈಲಿನಲ್ಲಿ ಸುತ್ತಿಗೆಯ ಚಿತ್ರ ಹಾಕಿ, ಕಾರ್ಮಿಕರ ದಿನದ ಶುಭಾಶಯ ಅಂತ ಎಲ್ಲರಿಗೂ ಕಳಿಸಿದರು. ಆಮೇಲೆ ಪೇಟೆಗೆ ಹೋಗಿ ಒಂದು ಚೀಲ ಬಂಗುಡೆ ಮೀನು ತಂದು ನನ್ನ ಮುಂದಿಟ್ಟರು. ಮಧ್ಯಾಹ್ನ ಊಟಕ್ಕೆ ಇಬ್ಬರು ಸ್ನೇಹಿತರು ಬರುತ್ತಾರಂತೆ. ಇವತ್ತು ನನಗೆ ರಜೆ ಅಂದೆ, ನನಗೇ ಕೇಳಿಸಿತೋ ಇಲ್ಲವೋ.

ಅವರು ನಕ್ಕರು. "ಅಬ್ಬಿಯೇ ಇಲ್ಲ, ಇನ್ನೆಂತ ರಜಿ ನಿಂಗೆ?"

ಅಮ್ಮನೇ ಇಲ್ಲವಲ್ಲ ಅಂತ ಅಂದದ್ದು ಕೆಟ್ಟ ಮನಸ್ಸಿನಿಂದಲ್ಲ. ಇಷ್ಟು ವರ್ಷ ಈ ದಿನ ತಾವು ಗಂಜಿ ಬೇಯಿಸಿದ್ದು ನಿಮಗಾಗಿ, ನಿಮ್ಮ ಹಟಕ್ಕಾಗಿ ಅಂತಲೇ ಅವರು ತಿಳಿದಿದ್ದರು. ಆ ಮಾತು ಕೇಳಿದ ಮೇಲೆ ನೀವು ಇನ್ನೊಮ್ಮೆ ಹೋದ ಹಾಗಾಯಿತು.

"ಅದ್ ಅತ್ತಿ ರಜಿ ಅಲ್ಲ. ಕೆಲ್ಸ ಮಾಡುವರ ರಜಿ" ಅಂದೆ. ಅಂದವಳೇ ಹೋಗಿ ಎರಡೂ ಮಣೆ ಹಾಕಿ ಕೂತೆ. ನಿಮ್ಮದನ್ನೂ ಯಾಕೆ ಹಾಕಿದೆನೋ. ಕೈ ಅಭ್ಯಾಸ.

ಕೂತದ್ದೇನೋ ಕೂತೆ, ಮನಸ್ಸು ಕೂರಬೇಕಲ್ಲ? ಮೀನು ಹಾಳಾದರೆ, ಬಂದವರ ಮುಂದೆ ಮಾನ ಹೋದರೆ, ಇವರು ಸಿಟ್ಟಿನಲ್ಲಿ ಊಟ ಬಿಟ್ಟರೆ... ಒಳಗೆ ಕತ್ತಿ ಹುಡುಕುವ ಸದ್ದು. ಆಮೇಲೆ, ಮೆಣಸು ಎಷ್ಟು ಹಾಕಬೇಕು ಅಂತ ಕೂಗು. ಕಣ್ಣು ಒರೆಸಿಕೊಂಡು, ಕೂತಲ್ಲಿಂದಲೇ ಲೆಕ್ಕ ಹೇಳಿದೆ.

ಅಷ್ಟರಲ್ಲಿ ಸುಶೀಲ ಬಟ್ಟೆಯ ಬಕೆಟ್ಟು ಹಿಡಿದು ಬೇಲಿಯ ಹತ್ತಿರ ನಿಂತಿದ್ದಳು. ಈ ಸಲ ದರ್ಬಾರಿನ ಮಾತಿಲ್ಲ. ಬಕೆಟ್ಟು ಅಲ್ಲೇ ಇಟ್ಟು ಜಗಲಿಗೆ ಬಂದಳು. "ನೀವ್ ಎಂತಕ್ಕ್ ಹೀಂಗ್ ಕೂಕಂತಿದ್ರಿ? ಅವ್ರ್ ಇಪ್ಪತಿಗೆ ಕೇಂಬುಕ್ ಆಯ್ಲಿಲ್ಲ" ಅಂದಳು. ನೀವಿದ್ದಾಗ ಕೇಳಲಿಕ್ಕೆ ಬಾಯಿ ಬಂದಿರಲಿಲ್ಲವಂತೆ.

ನಿಮ್ಮ ಮಣೆ ತೋರಿಸಿದೆ. ಒಂದು ಗಳಿಗೆ ಮಾತ್ರ, ಬಟ್ಟೆ ಹಾಗೇ ಇದೆ ಅನ್ನುತ್ತಾ ತುದಿಯಲ್ಲಿ ಕೂತಳು. ನೀವು ಹೇಳಿದ್ದೆಲ್ಲ ಹೇಳಿದೆ. ಆ ದೇಶದ ಹೆಸರು ಮರೆತುಹೋಗಿತ್ತು, ಗಂಟೆಯ ಲೆಕ್ಕ ಮಾತ್ರ ಸರಿಯಾಗಿ ಬಂತು. ಅವಳು ತನ್ನ ಕಪ್ಪು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾನು ತೆಂಗಿನೆಣ್ಣೆ ತಂದೆ.

ನಿಮಗೆ ಗೊತ್ತಿಲ್ಲದ ಸುದ್ದಿ ಇದೇ. ಬಂಗುಡೆ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು, ಬಂದವರು ನೀರು ಕುಡಿಯುತ್ತಾ ಉಂಡರು. ಸುಶೀಲ ಏಳುವಾಗ ಬಿಸಿಲು ಇಳಿದಿತ್ತು, ಬಟ್ಟೆ ಬಕೆಟ್ಟಿನಲ್ಲೇ ಇತ್ತು. ಹೋಗುವ ಮೊದಲು ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟಳು, ನೀವು ಇಡುತ್ತಿದ್ದ ಹಾಗೆಯೇ.

ಬರುವ ಮೇ ಒಂದರೊಳಗೆ ಅವಳಿಗೆ ಬೇರೆ ಮಣೆ ಮಾಡಿಸುತ್ತೇನೆ ಅತ್ತೆ. ನಿಮ್ಮದು ಅಲ್ಲೇ ಇರುತ್ತದೆ.

ನಿಮ್ಮ ಸೊಸೆ