ಗಾರ್ಡಿನ ಮೇಲಿನ ಮೂರು ಗೆರೆ

ದ್ರಾಕ್ಷಾಯಣಿ,

ಹೊಸ ಬೈಕಿನ ಮುಂದಿನ ಮಡ್‌ಗಾರ್ಡಿಗೆ ಆಗಲೇ ತುಕ್ಕು ಬಂದಿದೆ. ತರುವಾಗ ನಾನೇ ಸರಿಯಾಗಿ ನೋಡಲಿಲ್ಲವೇನೋ ಎಂದುಕೊಂಡು ಪಾಲಿಶ್ ಪೇಪರ್ ಹಿಡಿದು ಕುಳಿತೆ. ಅವ್ವ ದಿನಾ ಹಚ್ಚುವ ಹಸಿ ವಿಭೂತಿ ಒರೆಸಿದರೆ, ಅದರಡಿ ತುಕ್ಕಿನದೇ ಮೂರು ಗೆರೆ! ಒಂದು ದಿನವೂ ಅವಳ ಬೆರಳು ಅತ್ತಿತ್ತ ಸರಿದಿಲ್ಲ. "ಕುಂಬಾರವಾಡದ ಅಡವ್ಯಾಗ ಒಬ್ಬಾವನ ಹೊಕ್ಕಾನ, ಕಾಯಪ್ಪಾ ಶಿವನ" ಎಂದು ಹಚ್ಚುವಾಗ ಅನ್ನುತ್ತಾಳಂತೆ. ನೀನು ಹೇಳಿದಾಗ ನಾನು ನಕ್ಕಿದ್ದೆ.

ಇವತ್ತು ಗಾಡಿ ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಬಸ್ಸಿಗೆ ಹೋಗುತ್ತೇನೆ. ತುಕ್ಕು ಹಬ್ಬದಂತೆ ನೀನು ತೆಳ್ಳಗೆ ಎಣ್ಣೆ ಸವರು. ನಾಳೆಯಿಂದ ಅವ್ವ ಹೆಡ್‌ಲೈಟಿನ ಗಾಜಿಗೆ ಹಚ್ಚಲಿ. ಕಾರಣ ಮಾತ್ರ ಹೇಳಬೇಡ, ನೊಂದುಕೊಂಡಾಳು.

ಆ ಗೆರೆಗಳನ್ನು ತಿಕ್ಕಲು ನನಗೆ ಕೈ ಬರಲಿಲ್ಲ. ನೀನೂ ತಿಕ್ಕಬೇಡ.

ರುದ್ರೇಶ